ಬಾಜೂ ಹೊಲದವರಿಗೆ ಪರಿಹಾರ ಜಮಾ ಆಯ್ತು, ನಮಗ್ಯಾಕೆ ಆಗಿಲ್ಲ? ಹಣ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ಎಲ್ಲಿ ಕೇಳಬೇಕು: ಇಲ್ಲಿದೆ ಪೂರ್ತಿ ಮಾಹಿತಿ

ಕಲಬುರಗಿ: "ಬಾಜೂ ಹೊಲದವಂಗ ಬಂದದ, ನನಗ್ಯಾಕ ಬಂದಿಲ್ರಿ?" ಬೆಳೆ ಪರಿಹಾರ ಬಿಡುಗಡೆ ಆಯ್ತು ಅಂತ ಸುದ್ದಿ ಬಂದಾಗಲೆಲ್ಲ ಗೊಬ್ಬರದ ಅಂಗಡಿ, ಬ್ಯಾಂಕು, ನಾಡಕಚೇರಿ, ಎಲ್ಲಿ ಹೋದ್ರೂ ಇದೇ ಮಾತು. ಒಂದೇ ಬದು, ಒಂದೇ ಮಳೆ, ಅದೇ ತೊಗರಿ. ಒಬ್ಬರ ಮೊಬೈಲ್‌ಗೆ ಮೆಸೇಜ್ ಬರುತ್ತೆ, ಇನ್ನೊಬ್ಬರಿಗೆ ಬರಲ್ಲ. ಬಂದವರಲ್ಲೂ ಒಬ್ಬರಿಗೆ 20 ಸಾವಿರ, ಇನ್ನೊಬ್ಬರಿಗೆ 4 ಸಾವಿರ. ಆಮೇಲೆ ತಲಾಠಿ ಮೇಲೆ ಸಿಟ್ಟು, ಪಂಚಾಯಿತಿ ಮೆಂಬರ್ ಮೇಲೆ ಅನುಮಾನ.

ಕೆಲವು ಕಡೆ ಸಮೀಕ್ಷೆಯಲ್ಲೇ ತಪ್ಪು ಆಗಿರುತ್ತೆ, ಅದು ನಿಜ. ಆದರೆ ಬಹಳಷ್ಟು ಸಲ ಹಣ ನಿಲ್ಲೋದು ಕಾಗದದ ಹತ್ತಿರ. ಸರ್ಕಾರದ ಕಂಪ್ಯೂಟರ್‌ಗೆ ನಿಮ್ಮ ಹೊಲ ಕಾಣಲ್ಲ. ಅದಕ್ಕೆ ಕಾಣೋದು ನಾಲ್ಕು ದಾಖಲೆ: ಪಹಣಿ, ಫ್ರೂಟ್ಸ್ ಐಡಿ, ಬೆಳೆ ಸಮೀಕ್ಷೆ, ಬ್ಯಾಂಕ್ ಖಾತೆ. ನಾಲ್ಕರಲ್ಲೂ ಒಂದೇ ಹೆಸರು, ಒಂದೇ ಸರ್ವೆ ನಂಬರ್ ಕೂಡಿ ಬಂದ್ರೆ ಹಣ ಬರುತ್ತೆ. ಒಂದು ತಪ್ಪಿದರೂ ಅಲ್ಲೇ ನಿಲ್ಲುತ್ತೆ. ಯಾವುದು ತಪ್ಪಿದೆ ಅಂತ ಯಾರೂ ಮನೆಗೆ ಬಂದು ಹೇಳಲ್ಲ, ನಾವೇ ನೋಡಿಕೊಳ್ಳಬೇಕು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಗೊತ್ತಿರಲಿ: ಮೂರು ಹಣ, ಮೂರು ಲೆಕ್ಕ

ನಮ್ಮ ಕಡೆ ರೈತರ ಖಾತೆಗೆ ಬರೋ ಎಲ್ಲ ದುಡ್ಡಿಗೂ "ಪರಿಹಾರ" ಅಂತಲೇ ಕರೀತಾರೆ. ಆದರೆ ಇದರಲ್ಲಿ ಮೂರು ಬೇರೆ ಬೇರೆ ಯೋಜನೆ ಇವೆ. ಕೇಳೋ ಕಚೇರಿನೂ ಬೇರೆ.

ಒಂದು, ಪಿಎಂ ಕಿಸಾನ್. ಬೆಳೆ ಬಂದರೂ, ಹೋದರೂ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಇದು ಕೇಂದ್ರ ಸರ್ಕಾರದ್ದು.

ಎರಡು, ಬೆಳೆ ಹಾನಿ ಪರಿಹಾರ. ಬರ, ಅತಿವೃಷ್ಟಿ, ಪ್ರವಾಹ ಬಂದ ವರ್ಷ ಮಾತ್ರ. ವಿಪತ್ತು ನಿಧಿಯಿಂದ ಕಂದಾಯ ಇಲಾಖೆ ಮೂಲಕ ಬರುತ್ತೆ. ಸರ್ಕಾರಿ ಭಾಷೆಯಲ್ಲಿ ಇದಕ್ಕೆ ಇನ್‌ಪುಟ್ ಸಬ್ಸಿಡಿ ಅಂತಾರೆ.

ಮೂರು, ಬೆಳೆ ವಿಮೆ. ನೀವು ಕಂತು ಕಟ್ಟಿದ್ದರೆ ಮಾತ್ರ. ಕೊಡೋದು ವಿಮಾ ಕಂಪನಿ.

ವಿಮೆ ಹಣ ಬಂದಿಲ್ಲ ಅಂತ ತಹಶೀಲ್ದಾರ್ ಕಚೇರಿಗೆ ಹೋಗಿ ಕೂತರೆ, ಪರಿಹಾರ ಬಂದಿಲ್ಲ ಅಂತ ವಿಮಾ ಕಂಪನಿಗೆ ಫೋನ್ ಮಾಡಿದರೆ ದಿನ ಹಾಳಾಗುತ್ತೆ ಅಷ್ಟೇ. ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಂದಿಲ್ಲ ಅಂದಾಗ ಮೊದಲು ಕೇಳಬೇಕಾದ್ದು: ಅವರಿಗೆ ಬಂದದ್ದು ಯಾವ ಹಣ? ಅವರು ವಿಮೆ ಕಟ್ಟಿದ್ದು ನಿಮಗೆ ಗೊತ್ತಿಲ್ಲದೇ ಇರಬಹುದು.

ಎಕರೆಗೆ ಎಷ್ಟು? ಲೆಕ್ಕ ಹೀಗಿದೆ

ಸರ್ಕಾರ ಹೆಕ್ಟೇರ್ ಲೆಕ್ಕದಲ್ಲಿ ಹೇಳುತ್ತೆ, ನಾವು ಎಕರೆ-ಗುಂಟೆ ಲೆಕ್ಕದಲ್ಲಿ ಕೇಳ್ತೀವಿ. ಗೊಂದಲ ಶುರುವಾಗೋದೇ ಇಲ್ಲಿಂದ. ಒಂದು ಹೆಕ್ಟೇರ್ ಅಂದ್ರೆ ಸುಮಾರು 2 ಎಕರೆ 19 ಗುಂಟೆ.

2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ದರ ಹೀಗಿದೆ:

– ಮಳೆಯಾಶ್ರಿತ ಜಮೀನು: ಹೆಕ್ಟೇರಿಗೆ 8,500 ರೂ. (ಎಕರೆಗೆ ಸುಮಾರು 3,440)
– ನೀರಾವರಿ ಜಮೀನು: ಹೆಕ್ಟೇರಿಗೆ 17,000 ರೂ. (ಎಕರೆಗೆ ಸುಮಾರು 6,880)
– ಬಹುವಾರ್ಷಿಕ ಬೆಳೆ: ಹೆಕ್ಟೇರಿಗೆ 22,500 ರೂ. (ಎಕರೆಗೆ ಸುಮಾರು 9,100)

2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಅತಿವೃಷ್ಟಿ ಮತ್ತು ಭೀಮಾ ಪ್ರವಾಹದಿಂದ ನಮ್ಮ ಭಾಗದಲ್ಲಿ ತೊಗರಿ, ಹತ್ತಿ, ಹೆಸರು, ಉದ್ದು ಹಾಳಾದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಸೆಪ್ಟೆಂಬರ್ 30ರಂದು ವೈಮಾನಿಕ ಸಮೀಕ್ಷೆ ಮಾಡಿ, ಈ ದರದ ಮೇಲೆ ರಾಜ್ಯದಿಂದ ಹೆಕ್ಟೇರಿಗೆ 8,500 ರೂ. ಹೆಚ್ಚುವರಿ ಕೊಡ್ತೀವಿ ಅಂತ ಘೋಷಿಸಿದರು. ಅಂದರೆ ಮಳೆಯಾಶ್ರಿತಕ್ಕೆ 17,000, ನೀರಾವರಿಗೆ 25,500, ಬಹುವಾರ್ಷಿಕಕ್ಕೆ 31,000 ರೂ. ಅಂತ ಲೆಕ್ಕ.

ಈ ಹೆಚ್ಚುವರಿ ಎಲ್ಲ ವರ್ಷ ಇರಲ್ಲ. ಆಯಾ ಸರ್ಕಾರ ತೀರ್ಮಾನ ಮಾಡಿದರೆ ಮಾತ್ರ. 2021ರಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಇದ್ದಾಗಲೂ ಕೇಂದ್ರದ ದರದ ಮೇಲೆ ರಾಜ್ಯ ತನ್ನ ಪಾಲು ಸೇರಿಸಿ ಮಳೆಯಾಶ್ರಿತಕ್ಕೆ 6,800ರಿಂದ 13,600ಕ್ಕೆ ಏರಿಸಿತ್ತು. ಹಾಗಾಗಿ "ಹಿಂದಿನ ಸಲ ಇಷ್ಟು ಬಂದಿತ್ತು, ಈ ಸಲ ಕಡಿಮೆ ಯಾಕೆ" ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಉಳಿದ ಅರ್ಧ ಎರಡು ನಿಯಮದಲ್ಲಿದೆ.

ಮೊದಲನೇದು, ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿರಬೇಕು. ಕಾಲು ಭಾಗ ಹೋಯ್ತು ಅಂದ್ರೆ ಪರಿಹಾರ ಇಲ್ಲ.

ಎರಡನೇದು, ಒಬ್ಬ ರೈತರಿಗೆ ಗರಿಷ್ಠ 2 ಹೆಕ್ಟೇರ್, ಅಂದ್ರೆ ಸುಮಾರು 4 ಎಕರೆ 38 ಗುಂಟೆಗೆ ಮಾತ್ರ. 12 ಎಕರೆ ತೊಗರಿ ಮುಳುಗಿದವರಿಗೂ 5 ಎಕರೆ ಮುಳುಗಿದವರಿಗೂ ಬರೋದು ಒಂದೇ.

ಉದಾಹರಣೆಗೆ 3 ಎಕರೆ ಒಣಬೇಸಾಯದ ತೊಗರಿ ಪೂರ್ತಿ ಹೋಗಿದೆ ಅಂತ ಇಟ್ಟುಕೊಳ್ಳಿ. ಕೇಂದ್ರದ ದರದಲ್ಲಿ ಸುಮಾರು 10,300 ರೂ., ರಾಜ್ಯದ ಹೆಚ್ಚುವರಿ ಸೇರಿದರೆ ಸುಮಾರು 20,600 ರೂ. ಆಗುತ್ತೆ. ನಿಮ್ಮ ಖಾತೆಗೆ ಇದರ ಅರ್ಧದಷ್ಟು ಮಾತ್ರ ಬಂದಿದ್ದರೆ ಎರಡು ಸಾಧ್ಯತೆ: ಒಂದು ಭಾಗ ಜಮಾ ಆಗಿ ಇನ್ನೊಂದು ಬಾಕಿ ಇರಬಹುದು, ಇಲ್ಲಾ ನಿಮ್ಮ ಒಂದು ಸರ್ವೆ ನಂಬರ್ ಪಟ್ಟಿಗೆ ಸೇರಿಲ್ಲದೇ ಇರಬಹುದು.

ಹಣ ಎರಡು ಸಲ ಬರೋದು ಹೊಸದೇನಲ್ಲ. 2023ರ ಬರಗಾಲದಲ್ಲೂ ಹೀಗೇ ಆಗಿತ್ತು. ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕು ಬರಪೀಡಿತ ಅಂತ ಘೋಷಣೆ ಆಗಿತ್ತು. ರಾಜ್ಯ ಸರ್ಕಾರ ಮೊದಲು ಗರಿಷ್ಠ 2,000 ರೂ. ಹಾಕಿತು. ಕೇಂದ್ರಕ್ಕೆ 18,171 ಕೋಟಿ ಕೇಳಿ, ಬರದೇ ಇದ್ದಾಗ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಆಮೇಲೆ ಮೊದಲು ಕೊಟ್ಟ 2,000 ಕಳೆದು ಉಳಿದದ್ದನ್ನು ಹಾಕಿದರು. ಮುಂಗಾರಿನಲ್ಲಿ ಹೋದ ಬೆಳೆಗೆ ದುಡ್ಡು ಪೂರ್ತಿ ಕೈ ಸೇರೋ ಹೊತ್ತಿಗೆ ಮುಂದಿನ ಮುಂಗಾರು ಬಾಗಿಲಿಗೆ ಬಂದಿತ್ತು.

ಆ ವರ್ಷ ರಾಜ್ಯದ ಅಂದಾಜಿನಲ್ಲಿ ಆಗಿದ್ದ ನಷ್ಟ 35,162 ಕೋಟಿ ರೂ. ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ತಿಳಿಯುತ್ತೆ. ಈ ಹಣ ಹೋದ ಬೆಳೆಯ ಬೆಲೆ ಅಲ್ಲ. ಮುಂದಿನ ಬಿತ್ತನೆಗೆ ಬೀಜ, ಗೊಬ್ಬರದ ಖರ್ಚಿಗೆ ಆಸರೆ ಆಗಲಿ ಅಂತ ಕೊಡೋದು. "ಇನ್‌ಪುಟ್" ಅಂದ್ರೆ ಅದೇ.

ಬಾಗಿಲು 1: ಪಹಣಿ ಯಾರ ಹೆಸರಲ್ಲಿದೆ?

ನಮ್ಮ ಹಳ್ಳಿಗಳಲ್ಲಿ ಅಜ್ಜ ತೀರಿಕೊಂಡು ಹತ್ತು-ಹದಿನೈದು ವರ್ಷ ಆದರೂ ಉತಾರಿಯಲ್ಲಿ ಅಜ್ಜನ ಹೆಸರೇ ಇರೋ ಮನೆ ಬೇಕಾದಷ್ಟಿವೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಉಣ್ಣುತ್ತಿರುತ್ತಾರೆ, ಜಗಳ ಇರಲ್ಲ, ಹಾಗಾಗಿ ಕಾಗದ ಮಾಡಿಸಿರಲ್ಲ. ಆದರೆ ತೀರಿಹೋದವರಿಗೆ ಆಧಾರ್ ಬೆರಳಚ್ಚು ಕೊಡೋಕೆ ಆಗಲ್ಲ, ಅವರ ಖಾತೆನೂ ನಡೆಯಲ್ಲ. ಹಾಗಾಗಿ ಆ ಸರ್ವೆ ನಂಬರಿಗೆ ಬರಬೇಕಾದ ಹಣ ಯಾರಿಗೂ ಬರಲ್ಲ.

ಇದಕ್ಕೆ ಒಂದೇ ದಾರಿ, ವಾರಸಾ ಮಾಡಿಸೋದು. ದಾಖಲೆಯಲ್ಲಿ ಪೌತಿ ಖಾತೆ ಅಂತಾರೆ. ಮರಣ ಪ್ರಮಾಣಪತ್ರ, ವಂಶಾವಳಿ, ವಾರಸುದಾರರ ಆಧಾರ್, ಪಹಣಿ ತಗೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. 2024ರಿಂದ ಪಹಣಿಗೆ ಆಧಾರ್ ಜೋಡಿಸೋ ಕೆಲಸ ನಡೀತಾ ಇದೆ. 2025ರಲ್ಲಿ ಸರ್ಕಾರ ಇ-ಪೌತಿ ಆಂದೋಲನ ಅಂತ ಶುರು ಮಾಡಿ, ತೀರಿಹೋದವರ ಹೆಸರಿನ ಖಾತೆಗಳನ್ನು ವಾರಸುದಾರರಿಗೆ ಮಾಡಿಕೊಡೋಕೆ ಗ್ರಾಮ ಆಡಳಿತ ಅಧಿಕಾರಿಗಳಿಗೆ ಹೇಳಿದೆ. ಅವರು ಊರಿಗೆ ಬಂದಾಗ ಮನೆಯವರೆಲ್ಲ ಒಟ್ಟಿಗೆ ಕೂತು ಮುಗಿಸಿಕೊಂಡರೆ ಒಳ್ಳೇದು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ವಂಶಾವಳಿಯಲ್ಲಿ ಬರಬೇಕು. ಅವರನ್ನು ಬಿಟ್ಟು ಮಾಡಿಸಿದರೆ ಮುಂದೆ ತಕರಾರು ಬಂದೇ ಬರುತ್ತೆ.

ಇನ್ನೊಂದು ಸಾಮಾನ್ಯ ತೊಂದರೆ ಹೆಸರಿನದ್ದು. ಪಹಣಿಯಲ್ಲಿ "ಶರಣಪ್ಪ ತಂದೆ ಭೀಮಶಾ", ಆಧಾರ್‌ನಲ್ಲಿ "ಶರಣಬಸಪ್ಪ", ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು ಸೇರಿಸಿ ಮತ್ತೊಂದು. ಊರಿಗೆಲ್ಲ ಗೊತ್ತು ಇವರೊಬ್ಬರೇ ಅಂತ. ಕಂಪ್ಯೂಟರ್‌ಗೆ ಇವರು ಮೂರು ಮಂದಿ.

ಬಾಗಿಲು 2: ಎಫ್‌ಐಡಿ ಇದ್ರೆ ಸಾಲದು, ಎಲ್ಲ ಸರ್ವೆ ನಂಬರ್ ಇರಬೇಕು

ಫ್ರೂಟ್ಸ್ ಅನ್ನೋದು ರಾಜ್ಯ ಸರ್ಕಾರದ ರೈತರ ನೋಂದಣಿ ವ್ಯವಸ್ಥೆ. ನೋಂದಣಿ ಮಾಡಿದರೆ ಎಫ್‌ಐಡಿ ಅನ್ನೋ ನಂಬರ್ ಸಿಗುತ್ತೆ. ಪರಿಹಾರ, ಬೀಜದ ಸಬ್ಸಿಡಿ, ಬೆಂಬಲ ಬೆಲೆಗೆ ತೊಗರಿ ಮಾರಾಟ, ಬೆಳೆ ಸಾಲ, ಈಗ ಎಲ್ಲದಕ್ಕೂ ಇದೇ ನಂಬರ್ ಕೇಳ್ತಾರೆ.

"ನನ್ನ ಹತ್ರ ಎಫ್‌ಐಡಿ ಇದೆ" ಅಂತ ಸುಮ್ಮನಾಗೋರು ಬಹಳ. ಆದರೆ ಎಫ್‌ಐಡಿಯಲ್ಲಿ ನಿಮ್ಮ ಎಷ್ಟು ಸರ್ವೆ ನಂಬರ್ ಸೇರಿವೆ ಅಂತ ನೋಡಿದ್ದೀರಾ? ಮೊದಲು ಮಾಡಿಸುವಾಗ ಕೈಗೆ ಸಿಕ್ಕ ಒಂದು ಪಹಣಿ ಕೊಟ್ಟು ಬಂದಿರ್ತೀವಿ. ಆಮೇಲೆ ಖರೀದಿ ಮಾಡಿದ್ದು, ಪಾಲಿಗೆ ಬಂದದ್ದು, ಬೇರೆ ಊರಿನ ಹದ್ದಿನಲ್ಲಿರೋ ಜಮೀನು ಸೇರಿಸಿರಲ್ಲ. ಹಿಸ್ಸಾ ಆಗಿ ನಂಬರ್ ಬದಲಾದರೂ ಹಳೇದೇ ಉಳಿದಿರುತ್ತೆ. 5 ಎಕರೆ ಇದ್ದವರಿಗೆ 2 ಎಕರೆಯ ಹಣ ಮಾತ್ರ ಬರೋದಕ್ಕೆ ಇದೊಂದು ದೊಡ್ಡ ಕಾರಣ. 2023ರ ಬರದ ಸಮಯದಲ್ಲಿ ಎಲ್ಲ ಜಮೀನನ್ನೂ ಫ್ರೂಟ್ಸ್‌ಗೆ ಸೇರಿಸಿಕೊಳ್ಳಿ ಅಂತ ಸರ್ಕಾರ ಮತ್ತೆ ಮತ್ತೆ ಹೇಳಿದ್ದು ಇದಕ್ಕೇ.

ಸೇರಿಸೋದು ಕಷ್ಟ ಇಲ್ಲ. ಆಧಾರ್, ಎಲ್ಲ ಪಹಣಿ, ಬ್ಯಾಂಕ್ ಪಾಸ್‌ಬುಕ್, ಮೊಬೈಲ್ ನಂಬರ್, ಎಸ್‌ಸಿ-ಎಸ್‌ಟಿ ರೈತರಾದರೆ ಜಾತಿ ಪ್ರಮಾಣಪತ್ರ ತಗೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ ಇಲಾಖೆ ಕಚೇರಿಗಳಲ್ಲೂ ಮಾಡ್ತಾರೆ.

ಬಾಗಿಲು 3: ಸಮೀಕ್ಷೆಯಲ್ಲಿ ನಿಮ್ಮ ಹೊಲದಲ್ಲಿ ಏನು ಬೆಳೆದಿದೆ?

ಇದು ಬಹಳ ಜನಕ್ಕೆ ಗೊತ್ತೇ ಇಲ್ಲದ ಬಾಗಿಲು. ಪ್ರತಿ ಹಂಗಾಮಿನಲ್ಲೂ ಸರ್ಕಾರ ಮೊಬೈಲ್ ಆ್ಯಪ್ ಮೂಲಕ ಬೆಳೆ ಸಮೀಕ್ಷೆ ಮಾಡಿಸುತ್ತೆ. 2020ರಿಂದ ರೈತರೇ ಸ್ವಂತ ಮೊಬೈಲ್‌ನಲ್ಲಿ ಫೋಟೊ ತೆಗೆದು ಹಾಕಬಹುದು. ನಾವು ಮಾಡದಿದ್ದರೆ, ಊರಿಗೊಬ್ಬರಂತೆ ನೇಮಿಸಿದ ಹುಡುಗರು ಹೊಲಕ್ಕೆ ಹೋಗಿ ಫೋಟೊ ತೆಗೆದು, ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಷ್ಟು ಅಂತ ಹಾಕ್ತಾರೆ.

ತಪ್ಪು ಎಲ್ಲಿ ಆಗುತ್ತೆ? ನಮ್ಮ ಕಡೆ ಮುಂಗಾರಿನಲ್ಲಿ ತೊಗರಿ ಜೊತೆ ಹೆಸರು, ಉದ್ದು ಅಕ್ಕಡಿ ಹಾಕೋದು ರೂಢಿ. ಹೆಸರು, ಉದ್ದು ಆಗಸ್ಟ್ ಹೊತ್ತಿಗೆ ರಾಶಿಗೆ ಬರುತ್ತೆ, ತೊಗರಿ ಡಿಸೆಂಬರ್-ಜನವರಿವರೆಗೂ ನಿಂತಿರುತ್ತೆ. ಸಮೀಕ್ಷೆಗೆ ಬಂದವರು ಒಂದನ್ನೇ ಬರೆದುಕೊಂಡರೆ ಇನ್ನೊಂದು ಬೆಳೆ ದಾಖಲೆಯಲ್ಲೇ ಇಲ್ಲ. ದೂರದ ಹೊಲಕ್ಕೆ ಹೋಗೋಕೆ ದಾರಿ ಇಲ್ಲದೆ ಪಕ್ಕದ ಹೊಲದ ಬೆಳೆಯನ್ನೇ ಹಾಕಿದರೆ, ಅಥವಾ ಬಿತ್ತನೆ ತಡವಾದ ಹೊಲಕ್ಕೆ ಪಾಳು ಅಂತ ಹಾಕಿದರೆ, ಬೆಳೆಯೇ ಇಲ್ಲದ ಮೇಲೆ ಬೆಳೆ ಹಾನಿ ಎಲ್ಲಿಂದ ಬರಬೇಕು?

ಪ್ರವಾಹ, ಅತಿವೃಷ್ಟಿ ಆದಾಗ ಕಂದಾಯ, ಕೃಷಿ, ತೋಟಗಾರಿಕೆ ಸಿಬ್ಬಂದಿ ಸೇರಿ ಜಂಟಿ ಸಮೀಕ್ಷೆ ಮಾಡಿ ಹಾನಿ ಬರೀತಾರೆ. ಆಗಲೂ ನಿಮ್ಮ ಸರ್ವೆ ನಂಬರ್ ಪಟ್ಟಿಯಲ್ಲಿ ಸೇರಿದೆಯೇ ಅಂತ ಚಾವಡಿಯಲ್ಲಿ ಕೇಳಿ. ಬಿಟ್ಟುಹೋಗಿದ್ದರೆ ಸಮೀಕ್ಷೆ ನಡೆಯುತ್ತಿರುವಾಗಲೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೀರಿ. ಹೊಲದಲ್ಲಿ ನೀರು ನಿಂತ ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಹಣ ಬಂದು ಹೋದ ಮೇಲೆ ಹೇಳಿದರೆ, ಒಣಗಿದ ಹೊಲ ನೋಡಿ ಯಾರೂ ಏನೂ ಬರೆಯೋಕೆ ಆಗಲ್ಲ.

ಬೆಳೆ ಸಮೀಕ್ಷೆಯಲ್ಲಿ ಏನು ದಾಖಲಾಗಿದೆ ಅಂತ ನೋಡೋಕೆ ಬೆಳೆ ದರ್ಶಕ್ ಆ್ಯಪ್ ಇದೆ. ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೆ ನಂಬರ್ ಹಾಕಿದರೆ ಬೆಳೆ ಮತ್ತು ಫೋಟೊ ಕಾಣುತ್ತೆ. ತಪ್ಪಿದ್ದರೆ ಆ ಹಂಗಾಮಿಗೆ ಕೊಟ್ಟ ಗಡುವಿನ ಒಳಗೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಸ್ಮಾರ್ಟ್‌ಫೋನ್ ಇಲ್ಲದವರು ಮನೆಯ ಹುಡುಗರ ಕೈಲಿ ನೋಡಿಸಿ, ಐದು ನಿಮಿಷದ ಕೆಲಸ.

ಬಾಗಿಲು 4: ಹಣ ಬಂದಿದೆ, ಆದರೆ ಯಾವ ಖಾತೆಗೆ?

ಇಲ್ಲೊಂದು ತಮಾಷೆ ಇದೆ. ಎಷ್ಟೋ ಜನ "ಬಂದಿಲ್ಲ" ಅಂತ ಓಡಾಡುತ್ತಿರುವ ಹಣ ಅವರದ್ದೇ ಇನ್ನೊಂದು ಖಾತೆಯಲ್ಲಿ ಕೂತಿರುತ್ತೆ.

ಈ ಹಣ ನೀವು ಬರೆದುಕೊಟ್ಟ ಖಾತೆ ನಂಬರಿಗೆ ಬರಲ್ಲ, ಆಧಾರ್ ನಂಬರಿಗೆ ಬರುತ್ತೆ. ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ಎನ್‌ಪಿಸಿಐ ಅನ್ನೋ ಸಂಸ್ಥೆ ಒಂದು ಪಟ್ಟಿ ಇಟ್ಟುಕೊಂಡಿರುತ್ತೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ನೀವು ಕೊನೆಗೆ ಯಾವ ಬ್ಯಾಂಕಿನಲ್ಲಿ ಜೋಡಣೆಗೆ ಒಪ್ಪಿಗೆ ಕೊಟ್ಟಿರ್ತೀರೋ ಹಣ ಅಲ್ಲಿಗೇ ಹೋಗುತ್ತೆ. ಗೃಹಲಕ್ಷ್ಮಿಗೆ ಅಂತ 2023ರಲ್ಲಿ ಹೊಸ ಖಾತೆ ತೆಗೆದ ಹೆಣ್ಣುಮಕ್ಕಳು, ಸಂಘದ ಸಾಲಕ್ಕೆ ಅಂತ ಇನ್ನೊಂದು ಖಾತೆ ತೆಗೆದವರು, ಅಂಚೆ ಕಚೇರಿಯಲ್ಲಿ ಖಾತೆ ಮಾಡಿಸಿದವರು ಮೊದಲು ಆ ಖಾತೆಯನ್ನೇ ನೋಡಬೇಕು.

ಇನ್ನೊಂದು ವಿಷಯ. ಬ್ಯಾಂಕಿನಲ್ಲಿ ಆಧಾರ್ ಜೆರಾಕ್ಸ್ ಕೊಟ್ಟು ಕೆವೈಸಿ ಮಾಡಿಸಿದ್ದು ಬೇರೆ, ಸರ್ಕಾರದ ಹಣ ಪಡೆಯೋಕೆ ಆಧಾರ್ ಸೀಡಿಂಗ್ ಮಾಡಿಸೋದು ಬೇರೆ. "ಆಧಾರ್ ಲಿಂಕ್ ಆಗಿದೆ" ಅಂತ ಕೌಂಟರ್‌ನಲ್ಲಿ ಹೇಳಿದರೆ "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ?" ಅಂತ ಅದೇ ಶಬ್ದದಲ್ಲಿ ಕೇಳಿ. ಮೈ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೂ ಬ್ಯಾಂಕಿನ ಹೆಸರು ಕಾಣುತ್ತೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಯೋಜನೆಯ ಎಷ್ಟು ಹಣ, ಯಾವ ದಿನ ಬಂತು ಅಂತ ತೋರಿಸುತ್ತೆ. ಎರಡಕ್ಕೂ ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು.

ಹಣ ಬಂದ ಕೂಡಲೇ ಬ್ಯಾಂಕಿನವರು ಹಳೆ ಸಾಲಕ್ಕೆ ಹಿಡಿದುಕೊಂಡರೆ? 2024ರ ಮೇನಲ್ಲಿ ಬರ ಪರಿಹಾರ ಬಂದಾಗ ಇಂಥ ದೂರುಗಳು ಬಂದು, ಪರಿಹಾರದ ಹಣವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬಾರದು ಅಂತ ರಾಜ್ಯ ಸರ್ಕಾರ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತ್ತು. ಹಾಗೆ ಆಗಿದ್ದರೆ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಅದರ ಪ್ರತಿ ಜೊತೆ ತಹಶೀಲ್ದಾರ್ ಮತ್ತು ಜಿಲ್ಲಾಧಿಕಾರಿ ಕಚೇರಿಗೆ ದೂರು ಕೊಡಿ. ಬಾಯಿಮಾತಿನ ದೂರಿಗೆ ಬೆಲೆ ಇಲ್ಲ.

ಪಿಎಂ ಕಿಸಾನ್ ನಿಂತಿದ್ದರೆ

ಇದಕ್ಕೆ ಬೇರೆ ಕಾರಣ ಇರುತ್ತೆ. ಇ-ಕೆವೈಸಿ ಆಗಿಲ್ಲ, ಪಹಣಿ ಜೋಡಣೆ ಆಗಿಲ್ಲ, ಬ್ಯಾಂಕಿಗೆ ಆಧಾರ್ ಸೀಡಿಂಗ್ ಆಗಿಲ್ಲ, ಈ ಮೂರರಲ್ಲಿ ಒಂದು ಆಗಿರೋದೇ ಹೆಚ್ಚು. ಪಿಎಂ ಕಿಸಾನ್ ವೆಬ್‌ಸೈಟಿನಲ್ಲಿ ನೋಂದಣಿ ಸಂಖ್ಯೆ ಹಾಕಿ ಸ್ಟೇಟಸ್ ನೋಡಿದರೆ ಮೂರರ ಮುಂದೆಯೂ ಹೌದು-ಇಲ್ಲ ಅಂತ ಬರುತ್ತೆ. ಸಹಾಯವಾಣಿ 155261.

ಕೆಲವರು ನಿಯಮದ ಪ್ರಕಾರವೇ ಬರಲ್ಲ. ಆದಾಯ ತೆರಿಗೆ ಕಟ್ಟುವವರು, ಗ್ರೂಪ್ ಡಿ ಬಿಟ್ಟು ಉಳಿದ ಹಾಲಿ-ನಿವೃತ್ತ ಸರ್ಕಾರಿ ನೌಕರರು, ತಿಂಗಳಿಗೆ 10,000 ಅಥವಾ ಹೆಚ್ಚು ಪಿಂಚಣಿ ಪಡೆಯುವವರು, ವೃತ್ತಿಯಲ್ಲಿರೋ ವೈದ್ಯರು, ವಕೀಲರು, ಎಂಜಿನಿಯರ್‌ಗಳು ಅರ್ಹರಲ್ಲ. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬ, ಒಂದು ಕುಟುಂಬಕ್ಕೆ ಒಂದೇ. 2019ರ ಫೆಬ್ರವರಿ 1ರ ನಂತರ ಜಮೀನು ಖರೀದಿ ಮಾಡಿದವರಿಗೂ ತೊಂದರೆ ಇದೆ. ಆದರೆ ತಂದೆ ತೀರಿಕೊಂಡು ವಾರಸಾ ಮೂಲಕ ಬಂದ ಜಮೀನಿಗೆ ಈ ತಡೆ ಇಲ್ಲ.

ಅಂಗಡಿಯವರು ಗಮನಿಸಿ: ನಿಮ್ಮ ಟರ್ನ್‌ಓವರ್ ಬಹುಪಾಲು ನೇಮಿಸಿಕೊಂಡವರು ಟ್ಯಾಕ್ಸ್ ಫೈಲ್ ಮಾಡ್ತಿರಬಹುದು. ಜಮೀನು ಇದೆ ಅಂತ ಪಿಎಂ ಕಿಸಾನ್ ಪಡೆದು, ಆದಾಯ ತೆರಿಗೆನೂ ಕಟ್ಟುತ್ತಿದ್ದರೆ ಪಡೆದ ಹಣ ವಾಪಸ್ ಕೊಡಬೇಕಾಗುತ್ತೆ.

ಮೊದಲು ವರ್ಷಕ್ಕೆ 10,000 ಬರುತ್ತಿತ್ತು, ಈಗ 6,000 ಯಾಕೆ ಅಂತಲೂ ಕೇಳ್ತಾರೆ. 2019ರಲ್ಲಿ ಯಡಿಯೂರಪ್ಪ ಸರ್ಕಾರ ಕೇಂದ್ರದ 6,000ದ ಮೇಲೆ ರಾಜ್ಯದಿಂದ 4,000 ಸೇರಿಸಿತ್ತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಆ 4,000 ನಿಂತಿತು. ಇದರಲ್ಲಿ ನಿಮ್ಮ ದಾಖಲೆಯ ತಪ್ಪೇನೂ ಇಲ್ಲ.

ವಿಮೆ: ಹೊಲ ನಿಮ್ಮದು, ಲೆಕ್ಕ ಪಂಚಾಯಿತಿದು

ಫಸಲ್ ಬಿಮಾದಲ್ಲಿ ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ-ತೋಟಗಾರಿಕೆ ಬೆಳೆಗೆ ಶೇ 5 ರೈತರು ಕಟ್ಟಬೇಕು. ಉಳಿದದ್ದು ಸರ್ಕಾರಗಳದ್ದು.

ಆದರೆ ನಷ್ಟ ಲೆಕ್ಕ ಹಾಕೋದು ಒಬ್ಬೊಬ್ಬರ ಹೊಲಕ್ಕಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ, ಉಳಿದದ್ದಕ್ಕೆ ಹೋಬಳಿ ಮಟ್ಟದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ತೆಗೀತಾರೆ. ಅದು ನಿಗದಿಯಾದ ಇಳುವರಿಗಿಂತ ಕಡಿಮೆ ಬಂದರೆ ಆ ಪಂಚಾಯಿತಿಯ ಎಲ್ಲ ವಿಮೆದಾರರಿಗೂ ಹಣ. ಹಾಗಾಗಿ ಪಂಚಾಯಿತಿ ಹದ್ದಿನ ಆಚೆ ಇರೋ ಬಾಜೂ ಹೊಲದವರಿಗೆ ಬಂದು ನಿಮಗೆ ಬರದೇ ಇರಬಹುದು.

ನಿಮ್ಮ ಹೊಲಕ್ಕೆ ಮಾತ್ರ ಆಲಿಕಲ್ಲು ಬಿದ್ದರೆ, ತೊಗರಿಯಲ್ಲಿ ನೀರು ನಿಂತರೆ, ಅಥವಾ ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ 14 ದಿನದ ಒಳಗೆ ಅಕಾಲಿಕ ಮಳೆಗೆ ಹಾಳಾದರೆ ಪ್ರತ್ಯೇಕವಾಗಿ ಕೇಳಬಹುದು. ಆದರೆ 72 ಗಂಟೆ ಒಳಗೆ ತಿಳಿಸಬೇಕು. ನಂಬರ್ 14447. ಮೂರು ದಿನ ದಾಟಿದರೆ ಹಕ್ಕು ಹೋಯ್ತು. ವಿಮೆ ಕಟ್ಟಿದ ಬೆಳೆ ಒಂದು, ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಇನ್ನೊಂದು ಇದ್ದರೂ ಕ್ಲೇಮ್ ತಿರಸ್ಕಾರ ಆಗುತ್ತೆ. ಮತ್ತೆ ಮೂರನೇ ಬಾಗಿಲಿಗೇ ಬಂದು ನಿಂತಿತು.

ಬಿತ್ತಿದವರಿಗೆ ಇಲ್ಲ, ಹೆಸರಿದ್ದವರಿಗೆ ಉಂಟು

ನಾಲ್ಕು ಬಾಗಿಲಿನ ಹತ್ತಿರ ಸುಳಿಯೋಕೂ ಆಗದ ಒಂದು ದೊಡ್ಡ ಗುಂಪು ಇದೆ. ಲಾವಣಿ ಹಾಕಿಕೊಂಡು ಹೊಲ ಮಾಡೋರು.

ಊರು ಬಿಟ್ಟು ಪಟ್ಟಣ ಸೇರಿದವರ, ವಯಸ್ಸಾದವರ ಹೊಲವನ್ನು ಎಕರೆಗೆ ಇಷ್ಟು ಅಂತ ಮುಂಗಡ ಕೊಟ್ಟು, ಬೀಜ-ಗೊಬ್ಬರ ಉದ್ರಿ ತಂದು ಬಿತ್ತೋರು ಇವರು. ಮಳೆ ಬಂದು ಬೆಳೆ ಹೋದರೆ ಮುಂಗಡವೂ ಹೋಯ್ತು, ಉದ್ರಿಯೂ ಉಳೀತು. ಪರಿಹಾರ ಮಾತ್ರ ಪಹಣಿಯಲ್ಲಿರೋ ಮಾಲೀಕರ ಖಾತೆಗೆ ಬರುತ್ತೆ. ಪಿಎಂ ಕಿಸಾನ್ ಕೂಡ ಅಷ್ಟೇ.

ಲಾವಣಿ ಕಾಗದ ಮಾಡಿಸಿದರೆ ಆಯ್ತಲ್ಲ ಅನ್ನಬಹುದು. ಆಗಲ್ಲ. 1974ರ ಭೂ ಸುಧಾರಣಾ ಕಾನೂನು ತಿದ್ದುಪಡಿ ಉಳುವವನಿಗೆ ಭೂಮಿ ಕೊಟ್ಟಿತು, ಜೊತೆಗೆ ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಕೃಷಿ ಜಮೀನು ಗೇಣಿಗೆ ಕೊಡೋದನ್ನೇ ನಿಷೇಧಿಸಿತು. ಹಾಗಾಗಿ ಕಾಗದ ಮಾಡಿದರೆ ಜಮೀನೇ ಕೈ ತಪ್ಪುತ್ತೇನೋ ಅಂತ ಮಾಲೀಕರಿಗೆ ಭಯ. ಅಂದು ಗೇಣಿದಾರರನ್ನು ಉಳಿಸಿದ ಕಾನೂನು, ಇಂದು ಬಾಯಿಮಾತಿನ ಲಾವಣಿದಾರರನ್ನು ಯಾವ ದಾಖಲೆಯಲ್ಲೂ ಇಲ್ಲದಂತೆ ಮಾಡಿದೆ. ವಿಮೆಯ ನಿಯಮದಲ್ಲಿ ಗೇಣಿ ರೈತರೂ ಅರ್ಹರು ಅಂತ ಬರೆದಿದ್ದರೂ ಅದಕ್ಕೂ ದಾಖಲೆ ಬೇಕು.

ಸದ್ಯಕ್ಕೆ ಲಾವಣಿದಾರರಿಗೆ ಪೂರ್ತಿ ಸಿಗೋ ಸಬ್ಸಿಡಿ ಅಂದ್ರೆ ಗೊಬ್ಬರದ ಚೀಲದ್ದು ಮಾತ್ರ. 45 ಕೆ.ಜಿ. ಯೂರಿಯಾ 266 ರೂ. 50 ಪೈಸೆ, 50 ಕೆ.ಜಿ. ಡಿಎಪಿ 1,350 ರೂ. ಪಹಣಿ ಯಾರ ಹೆಸರಲ್ಲಿದೆ ಅನ್ನೋದರ ಮೇಲೆ ಈ ದರ ಬದಲಾಗಲ್ಲ.

ಕಾನೂನು ಬದಲಾಗೋವರೆಗೆ ಮಾಡಬಹುದಾದ್ದು ಒಂದೇ. ಯುಗಾದಿ ಹೊತ್ತಿಗೆ ಲಾವಣಿ ಮಾತಾಡುವಾಗಲೇ, ಪರಿಹಾರ ಬಂದರೆ ಯಾರಿಗೆ ಎಷ್ಟು ಅಂತ ನಾಲ್ಕು ಜನರ ಮುಂದೆ ಮಾತಾಡಿಕೊಳ್ಳಿ. ಬೆಳೆ ಮುಳುಗಿದ ಮೇಲೆ ಈ ಮಾತು ತೆಗೆದರೆ ಮನಸ್ಸು ಕೆಡುತ್ತೆ. ಮಾಲೀಕರೂ ಯೋಚನೆ ಮಾಡಬೇಕು. ಆ ಹಣ ಮುಂದಿನ ಬಿತ್ತನೆಗೆ ಅಂತ ಬಂದದ್ದು. ಬಿತ್ತೋರು ಯಾರು?

ಅಂಗಡಿಯವರಿಗೆ ನಾಲ್ಕು ಮಾತು

ಗೊಬ್ಬರ, ಕಿರಾಣಿ, ಬಟ್ಟೆ, ಅಡತಿ, ನಮ್ಮ ಪ್ಯಾಟಿ ನಡೆಯೋದೇ ರೈತರ ಉದ್ರಿ ಲೆಕ್ಕದ ಮೇಲೆ. "ಪರಿಹಾರ ಬಂದ ಕೂಡ್ಲೇ ಕೊಡ್ತೀನಿ" ಅನ್ನೋ ಮಾತು ಸುಳ್ಳಾಗಿರಲ್ಲ, ಆದರೆ ದಿನ ಅವರ ಕೈಯಲ್ಲಿಲ್ಲ. ಪಿಎಂ ಕಿಸಾನ್ ಕಂತನ್ನೇ ನೋಡಿ: 2025ರಲ್ಲಿ ಫೆಬ್ರವರಿ 24, ಆಗಸ್ಟ್ 2, ನವೆಂಬರ್ 19ರಂದು ಬಂತು. ನಡುವಿನ ಅಂತರ ಒಮ್ಮೆ ಐದು ತಿಂಗಳು ದಾಟಿತು, ಒಮ್ಮೆ ಮೂರೂವರೆ ತಿಂಗಳು. ಪರಿಹಾರ ಅಂತೂ ಹಂತ ಹಂತವಾಗಿ ಬರುತ್ತೆ, ಒಂದೇ ಊರಲ್ಲೂ ಒಂದೇ ದಿನ ಎಲ್ಲರಿಗೂ ಬರಲ್ಲ.

ಮೇಲಿನ ಲೆಕ್ಕ ಗೊತ್ತಿದ್ದರೆ ಉದ್ರಿ ಕೊಡೋಕೂ ಒಂದು ಅಂದಾಜು ಸಿಗುತ್ತೆ. 3 ಎಕರೆ ಒಣಬೇಸಾಯದವರಿಗೆ 50 ಸಾವಿರ ಪರಿಹಾರ ಬರೋಕೆ ಸಾಧ್ಯವೇ ಇಲ್ಲ. ಇನ್ನು ಸಾಲಕ್ಕೆ ಅಂತ ಗಿರಾಕಿಯ ಎಟಿಎಂ ಕಾರ್ಡು, ಪಾಸ್‌ಬುಕ್ ಇಟ್ಟುಕೊಳ್ಳೋ ರೂಢಿ ಬಿಡಿ, ನಾಳೆ ಅದು ನಿಮ್ಮ ಕುತ್ತಿಗೆಗೇ ಬರುತ್ತೆ.

ವಾಟ್ಸಾಪ್‌ನಲ್ಲಿ "ಪಿಎಂ ಕಿಸಾನ್ ಆ್ಯಪ್" ಅಂತ ಬರೋ ಫೈಲನ್ನು ಯಾರೂ ಒತ್ತಬೇಡಿ, ಗಿರಾಕಿಗಳಿಗೂ ಹೇಳಿ. ಅದನ್ನು ಒತ್ತಿ ಇನ್‌ಸ್ಟಾಲ್ ಮಾಡಿದರೆ ಫೋನೇ ಕಳ್ಳರ ಕೈಗೆ ಹೋಗಿ ಖಾತೆ ಖಾಲಿ ಆಗುತ್ತೆ. ಸರ್ಕಾರ ವಾಟ್ಸಾಪ್‌ನಲ್ಲಿ ಫೈಲ್ ಕಳಿಸಿ ಹಣ ಕೊಡಲ್ಲ. ಒಟಿಪಿ ಯಾರು ಕೇಳಿದರೂ ಹೇಳಬಾರದು.

ಯಾವ ತೊಂದರೆಗೆ ಎಲ್ಲಿಗೆ ಹೋಗಬೇಕು?

– ಪಹಣಿಯಲ್ಲಿ ತೀರಿಹೋದವರ ಹೆಸರು, ಹೆಸರು ತಪ್ಪು: ಗ್ರಾಮ ಆಡಳಿತ ಅಧಿಕಾರಿ, ನಾಡಕಚೇರಿ
– ಎಫ್‌ಐಡಿ ಇಲ್ಲ, ಸರ್ವೆ ನಂಬರ್ ಬಿಟ್ಟಿದೆ: ರೈತ ಸಂಪರ್ಕ ಕೇಂದ್ರ
– ಸಮೀಕ್ಷೆಯಲ್ಲಿ ಬೆಳೆ ತಪ್ಪು: ಬೆಳೆ ದರ್ಶಕ್ ಆ್ಯಪ್‌ನಲ್ಲಿ ಆಕ್ಷೇಪಣೆ, ಗ್ರಾಮ ಆಡಳಿತ ಅಧಿಕಾರಿ
– ಹಾನಿ ಪಟ್ಟಿಯಲ್ಲಿ ಹೆಸರಿಲ್ಲ: ತಹಶೀಲ್ದಾರ್ ಕಚೇರಿಗೆ ಲಿಖಿತ ಅರ್ಜಿ, ಸ್ವೀಕೃತಿ ಸಮೇತ
– ಯಾವ ಖಾತೆಗೆ ಹಣ ಹೋಯ್ತು ಗೊತ್ತಿಲ್ಲ: ಡಿಬಿಟಿ ಕರ್ನಾಟಕ ಆ್ಯಪ್, ನಿಮ್ಮ ಬ್ಯಾಂಕ್ ಶಾಖೆ
– ಪಿಎಂ ಕಿಸಾನ್: ರೈತ ಸಂಪರ್ಕ ಕೇಂದ್ರ, 155261
– ವಿಮೆ: 14447, ವಿಮೆ ಕಟ್ಟಿದ ರಸೀದಿ ಜೊತೆ ಕೃಷಿ ಇಲಾಖೆ

ಹೋಗುವಾಗ ಆಧಾರ್, ಈಗಿನ ಪಹಣಿ, ಎಂಟ್ರಿ ಹಾಕಿಸಿದ ಪಾಸ್‌ಬುಕ್, ಎಫ್‌ಐಡಿ ನಂಬರ್ ನಾಲ್ಕೂ ಜೊತೆಗಿರಲಿ. ಒಂದು ಬಿಟ್ಟು ಹೋದರೆ ಇನ್ನೊಂದು ಸಲ ಬಸ್ ಚಾರ್ಜು, ಒಂದು ದಿನದ ಕೂಲಿ.

ಈ ಕೆಲಸಕ್ಕೆ ಒಳ್ಳೆ ಸಮಯ ಅಂದ್ರೆ ತೊಗರಿ ರಾಶಿ ಮುಗಿದ ಮೇಲೆ, ಮುಂಗಾರು ಬಿತ್ತನೆಗೆ ಮುಂಚೆ. ಆಗ ಕಚೇರಿಗಳಲ್ಲಿ ಗದ್ದಲ ಕಡಿಮೆ, ನಮ್ಮ ಕೈಯೂ ಖಾಲಿ. ಪರಿಹಾರ ಘೋಷಣೆ ಆದ ಮೇಲೆ ಹೋದರೆ ಇಡೀ ತಾಲೂಕೇ ಅಲ್ಲಿ ಸಾಲಿನಲ್ಲಿ ನಿಂತಿರುತ್ತೆ. ನಿಮ್ಮ ಮನೆಯ ಪಹಣಿ ಯಾರ ಹೆಸರಲ್ಲಿದೆ ಅಂತ ಇವತ್ತೇ ಒಮ್ಮೆ ತೆಗೆದು ನೋಡಿ.